ವಿಂಡೋಸ್ 11ರ ಹೊಸ ಮುಖ: ನೋಡಲು ಚಂದ, ಕೆಲಸಕ್ಕೂ ಚಂದವೇ?

ಪರ: ಅಕ್ಕಪಕ್ಕ ಎರಡು ಕಿಟಕಿ
(ಕುಶಾಲನಗರದಲ್ಲಿ ಸೈಬರ್ ಸೆಂಟರ್ ನಡೆಸುವವರ ಬರಹ)

ಮೈಕ್ರೋಸಾಫ್ಟ್‌ನ ವಿಂಡೋಸ್ 11ರ ಹೊಸ ಮುಖದ ಪರವಾಗಿ ಬರೆದುಕೊಡಿ ಎಂದು ಕೇಳಿದರು, ಒಪ್ಪಿಕೊಂಡೆ. ಎಲ್ಲ ಬದಲಾವಣೆಯೂ ನನಗೆ ಹಿಡಿಸಿದೆ ಅಂತಲ್ಲ. ಆದರೆ ನಮ್ಮ ಅಂಗಡಿಯ ಕೆಲಸ ವಿಂಡೋಸ್ 11 ಬಂದ ಮೇಲೆ ಸುಲಭ ಆಗಿದೆ. ಅದನ್ನು ಹೇಳಲೇಬೇಕು.

ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಅರ್ಜಿ ತುಂಬಿಸುವವರು. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಮಕ್ಕಳ ಸ್ಕಾಲರ್‌ಶಿಪ್. ಪರದೆಯ ಒಂದು ಕಡೆ ಅರ್ಜಿ ತೆರೆದಿರಬೇಕು, ಇನ್ನೊಂದು ಕಡೆ ಅವರ ದಾಖಲೆ ಕಾಣುತ್ತಿರಬೇಕು. ಆಧಾರ್‌ನ 12 ಅಂಕಿಯಲ್ಲಿ ಒಂದು ತಪ್ಪಿದರೂ ಅವರು ಮತ್ತೆ ಬಸ್ ಹತ್ತಿ ಬರಬೇಕು. ಈಗ ಕಿಟಕಿ ದೊಡ್ಡದು ಮಾಡುವ ಚೌಕದ ಮೇಲೆ ಮೌಸ್ ಇಟ್ಟರೆ ಸಾಕು. ಪರದೆಯನ್ನು ಹೇಗೆಲ್ಲ ಪಾಲು ಮಾಡಬಹುದು ಅಂತ ಪುಟ್ಟ ಚಿತ್ರಗಳು ಬರುತ್ತವೆ. ಒಂದನ್ನು ಒತ್ತಿ, ಪಕ್ಕಕ್ಕೆ ಬೇಕಾದ ಇನ್ನೊಂದು ಕಿಟಕಿ ಆರಿಸಿದರೆ ಎರಡೂ ಅಕ್ಕಪಕ್ಕ ಕೂರುತ್ತವೆ. ಅಂಚಿಗೆ ಎಳೆದು ಬಿಡುವ ಉಪಾಯ 2009ರ ವಿಂಡೋಸ್ 7ರಲ್ಲೇ ಇತ್ತು, ನಿಜ. ಆದರೆ ಅದು ಎಷ್ಟು ಜನರಿಗೆ ಗೊತ್ತಿತ್ತು? ಈಗ ಕಣ್ಣೆದುರೇ ಇದೆ. ಒಂದೇ ಫೋಲ್ಡರ್ ಕಿಟಕಿಯಲ್ಲಿ ಹಲವು ಟ್ಯಾಬ್ ತೆರೆಯುವುದು 2022ರಲ್ಲಿ ಬಂತು. ಅದೂ ನಮಗೆ ದಿನಾ ಬೇಕು.

ಹೋಮ್‌ಸ್ಟೇ ನಡೆಸುವ ಆಂಟಿಯೊಬ್ಬರು ಬುಕಿಂಗ್ ನೋಡುವುದನ್ನು ಕಲಿಯಲು ನಮ್ಮಲ್ಲಿಗೆ ಬರುತ್ತಿದ್ದರು. ಅಲ್ಲಿಯವರೆಗೆ ಮೌಸ್ ಮುಟ್ಟಿದವರಲ್ಲ. ಪರದೆಯ ಕೆಳಗೆ ನಡುವೆ ಸಾಲಾಗಿ ಇರುವ ಚಿತ್ರಗಳನ್ನು ನೋಡಿ, "ಇದು ನನ್ನ ಫೋನಿನ ಹಾಗೇ ಇದೆಯಲ್ಲಾ" ಎಂದರು. ಮೂರನೇ ದಿನಕ್ಕೆ ಒಬ್ಬರೇ ಕೂತು ಮೇಲ್ ಕಳಿಸಿದರು. ಅವರ ತಲೆಯಲ್ಲಿ ಹಳೆಯ ನಕ್ಷೆ ಇರಲಿಲ್ಲ, ಅದಕ್ಕೇ ಹೊಸದು ಕಷ್ಟ ಆಗಲಿಲ್ಲ.

ಈಗ ನಡುವೆ ಇರುವ ಸ್ಟಾರ್ಟ್ ಬಟನ್ ಮೊದಲಿನ ಹಾಗೆ ಎಡಕ್ಕೇ ಬೇಕು ಅನ್ನುವವರು ಸೆಟ್ಟಿಂಗ್ಸ್‌ನಲ್ಲಿ ಟಾಸ್ಕ್‌ಬಾರ್ (ಪರದೆಯ ಕೆಳಗಿನ ಪಟ್ಟಿ) ತೆರೆದು ಬದಲಿಸಿಕೊಳ್ಳಬಹುದು. ಒಂದು ನಿಮಿಷದ ಕೆಲಸ. ನನ್ನ ಕಂಪ್ಯೂಟರಿನಲ್ಲಿ ನಾನೂ ಎಡಕ್ಕೇ ಇಟ್ಟುಕೊಂಡಿದ್ದೇನೆ. 1995ಕ್ಕೆ ಮೊದಲು ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಹಳೆಯದೇ ಇರಲಿ ಅಂತ ಹಟ ಹಿಡಿದಿದ್ದರೆ ನಾವೆಲ್ಲ ಇನ್ನೂ ಟೈಪ್‌ರೈಟರ್ ಕುಟ್ಟುತ್ತಾ ಇರುತ್ತಿದ್ದೆವು.

ವಿರೋಧ: ಕೈಗೆ ಗೊತ್ತಿರುವ ಜಾಗ
(ಸಿದ್ದಾಪುರ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಬರಹ)

ತೋಟದಲ್ಲಿ ಕೆಲಸ ಮಾಡುವವರು ಕಾಡು ಕಡಿಯುವ ಕತ್ತಿಯನ್ನು ಬೆಳಗಿನ ಕತ್ತಲಲ್ಲಿ ಹುಡುಕುವುದಿಲ್ಲ. ದಿನಾ ಇಟ್ಟ ಜಾಗಕ್ಕೆ ಕೈ ತಾನೇ ಹೋಗುತ್ತದೆ. ಕಂಪ್ಯೂಟರೂ ಹಾಗೆಯೇ. ನಾನು 22 ವರ್ಷದಿಂದ ತೋಟದ ಲೆಕ್ಕ ಬರೆಯುತ್ತಿದ್ದೇನೆ. ಕೆಲಸಗಾರರ ಹಾಜರಿಯ ಚೆಕ್‌ರೋಲ್, ಮಳೆ ಲೆಕ್ಕ, ಗೊಬ್ಬರ, ಮೂಟೆ ಎಲ್ಲಾ. ನನಗೆ ಕಂಪ್ಯೂಟರ್ ನೋಡುವ ವಸ್ತುವಲ್ಲ, ಕೈಯ ಹತಾರ.

ಎಡಗಡೆ ಕೆಳಗಿನ ಮೂಲೆಯನ್ನೇ ತಗೊಳ್ಳಿ. ಮೌಸನ್ನು ಆ ಕಡೆ ಜೋರಾಗಿ ತಳ್ಳಿದರೆ ಮೂಲೆಗೆ ಹೋಗಿ ನಿಲ್ಲುತ್ತದೆ. ನೋಡಬೇಕಾಗಿಯೇ ಇಲ್ಲ. ವಿಂಡೋಸ್ 95ರಿಂದ ಸ್ಟಾರ್ಟ್ ಬಟನ್ ಅಲ್ಲಿತ್ತು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು, ಅದನ್ನು ನಡುವಿಗೆ ತಂದರು. ನಡುವಿನಲ್ಲಾದರೂ ಒಂದೇ ಕಡೆ ನಿಲ್ಲುತ್ತದೆಯೇ? ಇಲ್ಲ. ಪ್ರೋಗ್ರಾಂಗಳು ಒಂದೊಂದಾಗಿ ತೆರೆದ ಹಾಗೆ ಇಡೀ ಸಾಲು ಅಗಲವಾಗುತ್ತದೆ, ಸ್ಟಾರ್ಟ್ ಬಟನ್ ಎಡಕ್ಕೆ ಸರಿಯುತ್ತದೆ. ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ಕೈಗೆ ಇದನ್ನು ಕಲಿಸುವುದು ಹೇಗೆ?

ಕೆಳಗಿನ ಪಟ್ಟಿಯನ್ನು ಪರದೆಯ ಪಕ್ಕಕ್ಕೋ ಮೇಲಕ್ಕೋ ಇಟ್ಟುಕೊಳ್ಳಲು ಮೊದಲು ಬಿಡುತ್ತಿದ್ದರು. 11 ಬಂದಾಗ ಅದನ್ನೂ ತೆಗೆದರು. ರೈಟ್ ಕ್ಲಿಕ್ ಮಾಡಿದರೆ ಬರುತ್ತಿದ್ದ ಕಟ್, ಕಾಪಿ ಎಂಬ ಪದಗಳೇ ಮಾಯ. ಅವುಗಳ ಬದಲು ಸಣ್ಣ ಚಿಹ್ನೆಗಳ ಸಾಲು ಬಂತು. ಉಳಿದ ಎಷ್ಟೋ ಆಯ್ಕೆಗಳು "ಶೋ ಮೋರ್ ಆಪ್ಷನ್ಸ್" ಎಂಬುದರ ಹಿಂದೆ ಅಡಗಿ ಕೂತವು. ಮೊದಲು ಒಂದು ಸಲ ಒತ್ತುತ್ತಿದ್ದ ಕಡೆ ಈಗ ಎರಡು ಸಲ ಒತ್ತಬೇಕು. ದಿನಕ್ಕೆ ನೂರು ಸಲ ಆ ಕೆಲಸ ಮಾಡುವವನಿಗೆ ಗೊತ್ತು ಅದರ ಭಾರ.

ಜನ ಸುಮ್ನೆ ಗೊಣಗುತ್ತಾರೆ ಅಂತ ಹೇಳುವವರು ಒಂದು ವಿಷಯ ಗಮನಿಸಬೇಕು. ಫೈಲನ್ನು ಕೆಳಗಿನ ಪಟ್ಟಿಗೆ ಎಳೆದು ತರುವ ಸೌಲಭ್ಯ ತೆಗೆದಿದ್ದರು, 2022ರಲ್ಲಿ ವಾಪಸ್ ಕೊಟ್ಟರು. ತೆರೆದ ಕಿಟಕಿಗಳ ಹೆಸರು ಬೇರೆ ಬೇರೆ ಕಾಣುವುದನ್ನು ತೆಗೆದಿದ್ದರು, 2023ರಲ್ಲಿ ಅದೂ ವಾಪಸ್ ಬಂತು. ರೈಟ್ ಕ್ಲಿಕ್‌ನ ಆ ಚಿಹ್ನೆಗಳ ಕೆಳಗೆ ಹೆಸರು ಬರೆದದ್ದು 2024ರಲ್ಲಿ. ಇನ್ನೂ ಹಿಂದೆ ಹೋದರೆ, 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ಕಿತ್ತರು, ಮರುವರ್ಷ 8.1ರಲ್ಲಿ ಮತ್ತೆ ತಂದಿಟ್ಟರು. ತಪ್ಪು ಅಲ್ಲದಿದ್ದರೆ ಯಾಕೆ ವಾಪಸ್ ತರುತ್ತಿದ್ದರು?

ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಿ ಅನ್ನುತ್ತಾರೆ. ಮನೆಯ ಬಾಗಿಲನ್ನು ಹಿತ್ತಲಿಗೆ ಇಟ್ಟು, ಬೇಕಾದರೆ ನೀವೇ ಮುಂದಕ್ಕೆ ತಂದುಕೊಳ್ಳಿ ಅಂದ ಹಾಗಾಯಿತು.

ನನಗೆ ಈ ವಿಷಯ ಯಾಕೆ ಇಷ್ಟು ನೋವು ಕೊಡುತ್ತದೆ ಅಂದರೆ, ಅದು ವಿಂಡೋಸ್ 11ಕ್ಕಿಂತ ಹಿಂದಿನ ಕಥೆ. ಆಗ ನಮ್ಮ ತೋಟದಲ್ಲಿ ತೂಕ ಮತ್ತು ಕೂಲಿ ಬರೆಯಲು ಒಂದು ಸಾಫ್ಟ್‌ವೇರ್ ಇತ್ತು. ಒಂದು ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಜೋರಾಗಿದ್ದಾಗ, ಅದರ ಮುಖ ರಾತ್ರೋರಾತ್ರಿ ಬದಲಾಯಿತು. ಅದುವರೆಗೆ ಉಳಿಸುವ ಬಟನ್ ಕೆಳಗಡೆ ಹಸಿರು ಬಣ್ಣದಲ್ಲಿ, ಅಕ್ಷರದಲ್ಲಿ ಇತ್ತು. ಈಗ ಆ ಜಾಗದಲ್ಲಿ ಒಂದು ಬಾಗಿದ ಬಾಣ.

ಸಂಜೆ ಕಣದಲ್ಲಿ ತೂಕ ಮುಗಿಸಿ ಬಂದು 64 ಜನರ ಕೆಜಿ ಹಾಕುತ್ತಾ ಕೂತಿದ್ದೆ. ಕರೆಂಟ್ ಹೋಯಿತು. ಯುಪಿಎಸ್ ಕೂಗಲು ಶುರು ಮಾಡಿತು. ನಮ್ಮದು ಹತ್ತು ನಿಮಿಷ ತಡೆಯುವ ಯುಪಿಎಸ್. ಬೇಗ ಬೇಗ ಮುಗಿಸಿ, ಕೈ ಅಭ್ಯಾಸದಂತೆ ಕೆಳಗಡೆ ಒತ್ತಿದೆ. ಆ ಬಾಣ ಎಲ್ಲವನ್ನೂ ಅಳಿಸಿ ಖಾಲಿ ಪುಟ ತಂದಿತು. ಏನಾಯಿತು ಅಂತ ಅರ್ಥ ಆಗುವ ಮೊದಲೇ ಯುಪಿಎಸ್ ನಿಂತಿತು.

ಟಾರ್ಚ್ ಹಿಡಿದುಕೊಂಡು, ಕಣದಲ್ಲಿ ಪೆನ್ಸಿಲಿನಲ್ಲಿ ಗೀಚಿದ ಪುಸ್ತಕ ನೋಡಿ, ರಾತ್ರಿ ಹನ್ನೊಂದರವರೆಗೆ ಮತ್ತೆ ಕಾಗದದ ಮೇಲೆ ಬರೆದೆ. ಶನಿವಾರ ಬಟವಾಡೆಯ ಹೊತ್ತಿಗೆ ಒಬ್ಬ ಹೆಂಗಸು ಚೀಟಿ ಹಿಡಿದು ಬಂದರು. "ಸಾರ್, ಮಂಗಳವಾರ ನಂದು 118 ಕೆಜಿ. ಇಲ್ಲಿ 108 ಬರೆದಿದೀರಿ" ಎಂದರು. ಪುಸ್ತಕ ತೆಗೆದು ನೋಡಿದೆ. ಅವರೇ ಸರಿ. ಟಾರ್ಚ್ ಬೆಳಕಲ್ಲಿ ಒಂದನ್ನು ಸೊನ್ನೆ ಅಂದುಕೊಂಡಿದ್ದೆ. ಹತ್ತು ಕೆಜಿಯ ಕೂಲಿ ಸೇರಿಸಿ ಕೊಟ್ಟೆ. ಕೇಳದೆ ಸುಮ್ಮನೆ ಹೋದವರು ಯಾರಾದರೂ ಇದ್ದರೋ ಏನೋ, ಆ ಯೋಚನೆ ಇವತ್ತಿಗೂ ಬಿಟ್ಟಿಲ್ಲ. ಆ ಪುಸ್ತಕವನ್ನು ಆಮೇಲೆ ಎರಡು ಸಲ ಮೊದಲಿಂದ ಕೊನೆಯವರೆಗೆ ತಾಳೆ ನೋಡಿದ್ದೇನೆ.

ಮುಖ ಬದಲಾಯಿಸುವವರಿಗೆ ಅದು ಒಂದು ಬಟನ್. ನಮ್ಮ ಕಡೆ ಅದರ ಕೊನೆಯಲ್ಲಿ ಒಬ್ಬರ ಕೂಲಿ ಇರುತ್ತದೆ.

ಬೇಡ ಅನ್ನುವವರು ಹಳೆಯದರಲ್ಲೇ ಇರಬಹುದು ಅನ್ನುವ ಮಾತೂ ಈಗ ಉಳಿದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ತಲಕಾವೇರಿಯ ತೀರ್ಥೋದ್ಭವಕ್ಕೆ ಮೂರು ದಿನ ಮೊದಲು. ಆಫೀಸಿನಲ್ಲಿ ಚೆನ್ನಾಗಿ ಓಡುತ್ತಿರುವ ಕಂಪ್ಯೂಟರ್ ಹಳೆಯ ಪ್ರೊಸೆಸರ್‌ನದು. ವಿಂಡೋಸ್ 11 ಹಾಕಲು ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು, ಭದ್ರತೆಗೆ ಟಿಪಿಎಂ 2.0 ಎಂಬ ಚಿಪ್ ಬೇಕು ಅಂತ ನಿಯಮ. ಹಾಗಾಗಿ ಹೊಸ ಯಂತ್ರ ತರಬೇಕು, ಅದರ ಜೊತೆ ಹೊಸ ಮುಖವನ್ನೂ ಒಪ್ಪಿಕೊಳ್ಳಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಒಳಗಿನ ಭದ್ರತೆ ಹೊಸದಾಗಲಿ, ಬೇಡ ಅನ್ನುವುದಿಲ್ಲ. ಮೊದಲ ಸಲ ಕಂಪ್ಯೂಟರ್ ಹಾಕಿದಾಗ ಭಾಷೆ ಯಾವುದು, ಕೀಬೋರ್ಡ್ ಯಾವುದು ಅಂತ ಕೇಳುತ್ತದಲ್ವಾ? ಅಲ್ಲೇ ಇನ್ನೊಂದು ಪ್ರಶ್ನೆ ಕೇಳಲಿ: ಹಳೆಯ ಜೋಡಣೆ ಬೇಕೋ, ಹೊಸದು ಬೇಕೋ?