ಅತ್ತೆ, ಹಂಡೆ ಮತ್ತು ನನ್ನ ಕಾರು

ಕೆನಡಾದ ವಿನ್ನಿಪೆಗ್‌ಗೆ ಬಂದ ಹೊಸದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಮನೆಗೆ ತಂದು ನೋಡಿದರೆ ಮುಂದಿನ ಜಾಲರಿಯಿಂದ ಮೂರು ಪಿನ್ನಿನ ಪ್ಲಗ್ಗೊಂದು ನಾಲಿಗೆ ಚಾಚಿದಂತೆ ನೇತಾಡುತ್ತಿತ್ತು. ಯಾವನೋ ಮೆಕ್ಯಾನಿಕ್ ಮರೆತು ಬಿಟ್ಟಿರಬೇಕು ಅಂದುಕೊಂಡು, ಅದನ್ನು ನೀಟಾಗಿ ಸುತ್ತಿ, ಸುತಳಿಯಲ್ಲಿ ಕಟ್ಟಿ ಒಳಗೆ ತುರುಕಿದೆ. ಪಕ್ಕದ ಮನೆಯ ಅಜ್ಜ ಹಿಮ ಗೋರುವುದನ್ನು ನಿಲ್ಲಿಸಿ ನೋಡುತ್ತಿದ್ದ. ಪಾಪ, ಏನೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಮೈನಸ್ 32 ಬಂದ ಬೆಳಿಗ್ಗೆ ಕಾರು ಒಮ್ಮೆ ‘ಊಂ’ ಅಂದು ಸುಮ್ಮನಾಯಿತು. ಆಗ ಅಜ್ಜ ಬಾಯಿಬಿಟ್ಟ. ಆ ಪ್ಲಗ್ಗು ಬ್ಲಾಕ್ ಹೀಟರ್‌ನದು. ನಮ್ಮಲ್ಲಿ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುವುದಿಲ್ಲವೇ, ಹೆಚ್ಚುಕಮ್ಮಿ ಅದೇ. ಎಂಜಿನ್ನಿನ ಸುತ್ತ ಇರುವ ಕೂಲಂಟ್ ಎಂಬ ದ್ರವವನ್ನು ಇದು ಬೆಚ್ಚಗಿಡುತ್ತದೆ. ಆ ಚಳಿಗೆ ಎಂಜಿನ್ ಆಯಿಲ್ ಜೋನಿಬೆಲ್ಲದ ಹಾಗೆ ಮಂದವಾಗಿರುತ್ತದೆ. ಬ್ಯಾಟರಿಗೂ ಅರ್ಧ ಜೀವ. ಜೋನಿಬೆಲ್ಲದಲ್ಲಿ ಅದ್ದಿದ ಯಂತ್ರವನ್ನು ಅರ್ಧಜೀವದ ಬ್ಯಾಟರಿ ತಿರುಗಿಸುವುದಾದರೂ ಹೇಗೆ?

ಈ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದವನು ಆಂಡ್ರ್ಯೂ ಫ್ರೀಮನ್. ನಮ್ಮಲ್ಲಿಂದ ಗಡಿ ದಾಟಿ ಎರಡು-ಮೂರು ತಾಸು ಹೋದರೆ ಸಿಗುವ ಅಮೆರಿಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನವನು. ಅಲ್ಲಿನ ವಿದ್ಯುತ್ ಸಹಕಾರ ಸಂಘದಲ್ಲಿ ಅವನ ಕೆಲಸ. ಕಾರನ್ನೂ ಗೋಡೆಗೆ ಸಿಕ್ಕಿಸಿ ಮಲಗುವ ಉಪಾಯ ಕರೆಂಟ್ ಮಾರುವವನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು!

ಸುತಳಿ ಬಿಚ್ಚಿದೆ, ಹಳದಿ ಎಕ್ಸ್‌ಟೆನ್ಷನ್ ವೈರ್ ತಂದೆ. ಆಫೀಸಿನ ಪಾರ್ಕಿಂಗ್‌ನಲ್ಲೂ ಕಂಬಕ್ಕೊಂದು ಸಾಕೆಟ್ಟು. ಕಾರುಗಳೆಲ್ಲ ಗೂಟಕ್ಕೆ ಕಟ್ಟಿದ ಎಮ್ಮೆಗಳಂತೆ ಸಾಲಾಗಿ ನಿಂತಿರುತ್ತವೆ. ಎರಡು ಚಳಿಗಾಲ ಚಕಾರ ಎತ್ತದೆ ಕಳೆದವು.

ಮೂರನೆಯ ಚಳಿಗಾಲಕ್ಕೆ ಹೆಂಡತಿಯ ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಅತ್ತೆ ಬಂದರು. ಅವರು ಬಂದ ವಾರದಲ್ಲೇ ಕಾರು ಮತ್ತೆ ಮುಷ್ಕರ ಹೂಡಿತು. ರಾತ್ರಿ ಪ್ಲಗ್ ಹಾಕಿಯೇ ಮಲಗಿದ್ದೆ. ಮರುದಿನವೂ ಅದೇ ಕಥೆ. ಮೂರನೇ ದಿನ ಅಜ್ಜ ಜಂಪರ್ ಕೇಬಲ್ ಹಿಡಿದು ತಾನಾಗಿಯೇ ಬಂದ. ಬ್ಯಾಟರಿ ಬದಲಿಸಿದೆ. ಊಹೂಂ. ಹೀಟರೇ ಸುಟ್ಟಿದೆ ಎಂದು ತೀರ್ಮಾನಿಸಿ ಬಿಚ್ಚಿಸಲು ಹೊರಟಾಗ ಅಜ್ಜ ತಡೆದ: “ಮೊದಲು ಕಿವಿ ಕೊಟ್ಟು ಕೇಳು. ಕೆಲಸ ಮಾಡುತ್ತಿದ್ದರೆ ಸುಂಯ್ ಅನ್ನುತ್ತೆ.”

ಆ ರಾತ್ರಿ ಹತ್ತೂವರೆಗೆ, ಮೈನಸ್ 28ರಲ್ಲಿ, ಬಾನೆಟ್ಟಿನ ಮೇಲೆ ಬಗ್ಗಿದೆ. ಟೊಪ್ಪಿಯ ಒಂದು ಕಿವಿ ಎತ್ತಿ, ತಗಡಿಗೆ ತಾಗದಂತೆ ಎರಡು ಬೆರಳು ಅಂತರ ಬಿಟ್ಟು ಆಲಿಸಿದೆ. ಹೌದು, ಸುಂಯ್! ಒಲೆ ಮೇಲಿಟ್ಟ ಹಾಲು ಉಕ್ಕುವ ಮುಂಚೆ ಹಾಡುತ್ತದಲ್ಲ, ಹಾಗೆ. ಹೀಟರಿಗೇನೂ ಆಗಿಲ್ಲ ಅಂತ ಹಿಗ್ಗುತ್ತಿರುವಾಗಲೇ ಬಾಗಿಲಿನ ಮೇಲಿನ ದೀಪ ಟಪ್ ಅಂತ ಆರಿತು. ಸುಂಯ್ ಕೂಡ ನಿಂತಿತು.

ಹೊರಗಿನ ದೀಪಕ್ಕೂ ಸಾಕೆಟ್ಟಿಗೂ ಒಂದೇ ಸ್ವಿಚ್ಚು ಅನ್ನುವುದು ಎರಡು ವರ್ಷ ಆ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ನಾವು ಗಂಡ-ಹೆಂಡತಿ ಆ ದೀಪ ಆರಿಸಿದವರೇ ಅಲ್ಲ. ಅತ್ತೆಯಾದರೋ ಜನ್ಮದಲ್ಲಿ ಒಂದು ಬಲ್ಬನ್ನು ಸುಮ್ಮನೆ ಉರಿಯಲು ಬಿಟ್ಟವರಲ್ಲ. ಅಳಿಯನ ಕರೆಂಟು ಬಿಲ್ಲು ಉಳಿಸಿದ ತೃಪ್ತಿಯಲ್ಲಿ ಅವರು ಚಿಲಕವನ್ನೂ ಹಾಕಿಕೊಂಡು ಹೋಗಿದ್ದರು. ಫೋನ್ ಒಳಗಿತ್ತು. ಬಾಗಿಲು ಬಡಿದಾಗ, “ಯಾರದು, ಇಷ್ಟು ಹೊತ್ತಿನಲ್ಲಿ?” ಅಂತ ಕನ್ನಡದಲ್ಲೇ ಗದರಿದರು.

ಅಮ್ಮನಾಗಿದ್ದರೆ ಕೂಗಾಡಬಹುದಿತ್ತು. ಅತ್ತೆಗೆ ಹೇಗೆ ಹೇಳುವುದು? ಕಾಫಿ ಕುಡಿಯುತ್ತಾ ನಯವಾಗಿ ಶುರುಮಾಡಿದೆ. ಕೂಲಂಟು, ನಾನೂರು ವಾಟ್ ಎಲ್ಲ ಹೇಳಿದೆ. ಅವರು ಅರ್ಧಕ್ಕೇ ತಡೆದರು. “ಅಯ್ಯೋ, ಬಚ್ಚಲೊಲೆಗೆ ಉರಿ ಹಾಕಿದ ಹಾಗೆ ಅನ್ನಿ! ಅಷ್ಟು ಹೇಳೋಕೆ ಇಷ್ಟು ಮಾತ್ಯಾಕೆ ಅಳಿಯಂದ್ರೇ? ಆದ್ರೆ ಇಡೀ ರಾತ್ರಿ ಯಾಕೆ ಉರೀಬೇಕು, ಬೆಳಗಿನ ಜಾವ ಹಾಕಿದ್ರೆ ಸಾಲದಾ?”

ಸಾಲುತ್ತದೆ. ಮೂರು-ನಾಲ್ಕು ತಾಸು ಧಾರಾಳ. ಅದಕ್ಕೇ ಜನ ಟೈಮರ್ ಇಟ್ಟುಕೊಳ್ಳುತ್ತಾರೆ. ನಮಗೆ ಟೈಮರ್ ಬೇಕಾಗಲಿಲ್ಲ. ಮೊಮ್ಮಗಳಿಗೆ ಹಾಲಿನ ಹೊತ್ತು ಅಂತ ಹೇಗೂ ನಾಲ್ಕಕ್ಕೆ ಏಳುವ ಅತ್ತೆ, ಅದೇ ಕೈಯಲ್ಲಿ ಸ್ವಿಚ್ಚು ಒತ್ತತೊಡಗಿದರು. ಏಳೂವರೆಗೆ ವರದಿ: “ಹಂಡೆ ಕಾದಿದೆ, ಹೊರಡಿ.”

ಮೊದಲ ದಿನ ಕೀ ತಿರುಗಿಸಿದ್ದೇ ತಡ, ಎಂಜಿನ್ ಸ್ಟಾರ್ಟು! ಆ ಸಂಭ್ರಮದಲ್ಲಿ ಅತ್ತೆಗೆ ಕೈಬೀಸಿ ರಿವರ್ಸ್ ತೆಗೆದುಕೊಂಡೆ. ಅವರೂ ಜೋರಾಗಿ ಕೈಬೀಸಿದರು. ಎರಡೂ ಕೈ ಬೀಸಿದರು. ಏನೋ ಕೂಗಿದರು. ಏನು ಪ್ರೀತಿ ಅಂದುಕೊಂಡೆ. ಸಿಗ್ನಲ್ಲಿನಲ್ಲಿ ಪಕ್ಕದ ಲಾರಿಯವನು ಹಾರ್ನ್ ಹೊಡೆದು ಕೆಳಗೆ ತೋರಿಸಿದಾಗ ಇಳಿದು ನೋಡಿದೆ. ಹದಿನೈದಡಿ ಹಳದಿ ವೈರು, ಚಳಿಗೆ ಬೆತ್ತದಂತೆ ಸೆಟೆದು, ಕಾರಿನಡಿಯಿಂದ ಹಿಂದಕ್ಕೆ ಚಾಚಿಕೊಂಡಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆ ಏನೂ ಅನ್ನಲಿಲ್ಲ. ತಟ್ಟೆಗೆ ಕಡುಬು ಹಾಕುತ್ತಾ ಮಗಳಿಗೆ ಹೇಳಿದರು: “ನಮ್ಮೂರಲ್ಲಿ ಹಗ್ಗ ಬಿಚ್ಚಿ ಆಮೇಲೆ ದನ ಹೊಡ್ಕೊಂಡು ಹೋಗ್ತಾರೆ. ಇಲ್ಲೇನೋ ಬೇರೆ ಪದ್ಧತಿ ಇರ್ಬೇಕು.”