ಎಲ್ಲ ಕರುವೂ 20 ಕೆಜಿ

ಮೊನ್ನೆ ದಾವಣಗೆರೆಯಲ್ಲಿ ಒಂದು ಸಭೆಗೆ ಹೋಗಿದ್ದೆ. ಕರೆದವರು ಯಾರು ಅಂತ ಹೇಳುವುದಿಲ್ಲ, ಮುಂದಿನ ಸಭೆಗೂ ಕರೆಯಬೇಕಲ್ಲ. ತಿಂಡಿಗೆ ಬೆಣ್ಣೆ ದೋಸೆ ಇತ್ತು. ವಿಷಯ ಏನಪ್ಪಾ ಅಂದರೆ, ದಾವಣಗೆರೆ ಮತ್ತು ಚಿತ್ರದುರ್ಗದ ದನಗಳಿಗೆ ಸೇರಿಸಿ ಒಂದೇ ತಳಿ ಮೌಲ್ಯಮಾಪನ ಸೇವೆ. ಯಾವ ಬೀಜದ ಹೋರಿಗೆ ಒಳ್ಳೆ ಕರು ಹುಟ್ಟುತ್ತದೆ ಅಂತ ಲೆಕ್ಕ ಹಾಕಿ, ಹೋರಿಗೊಂದು ಮಾರ್ಕ್ಸ್ ಕಾರ್ಡ್ ಕೊಡುವುದು.

ಕೆಟ್ಟ ಯೋಚನೆಯೇನಲ್ಲ. ಆಸ್ಟ್ರೇಲಿಯಾದವರು 1985ರಿಂದ ಬ್ರೀಡ್‌ಪ್ಲಾನ್ ಅಂತ ಇದನ್ನೇ ನಡೆಸುತ್ತಿದ್ದಾರೆ. ಅಲ್ಲಿಯದು ಮಾಂಸಕ್ಕೆ ಸಾಕುವ ದನ. ಕರು ಹುಟ್ಟಿದ ದಿನ ತೂಗುತ್ತಾರೆ. ಆಮೇಲೆ 200, 400, 600 ದಿನದ ಹೊತ್ತಿಗೆ ಮತ್ತೆ ತೂಗುತ್ತಾರೆ. ಅಪ್ಪ ಯಾರು, ಅವ್ವ ಯಾರು, ಜೊತೆಗೆ ಮೇಯ್ದ ಕರುಗಳು ಎಷ್ಟು ತೂಗಿದವು, ಎಲ್ಲ ಬರೆದಿಡುತ್ತಾರೆ. ಮೇವಿನಿಂದ ಬಂದ ತೂಕ ಯಾವುದು, ರಕ್ತದಿಂದ ಬಂದದ್ದು ಯಾವುದು ಅಂತ ಬಿಡಿಸಲು ಇಷ್ಟೂ ಬೇಕು. ಹಾಲಿನ ತಳಿಯ ಹೋರಿಗಳಿಗಾಗಿ ದೇಶದೇಶಗಳೇ ಸೇರಿ 1983ರಲ್ಲಿ ಇಂಟರ್‌ಬುಲ್ ಅಂತ ಕಟ್ಟಿಕೊಂಡವು. ದೇಶಗಳೇ ಕೂಡಿದ ಮೇಲೆ ನಮ್ಮ ಎರಡು ಜಿಲ್ಲೆ ಕೂಡೋದು ಕಷ್ಟವಾ?

ಕಷ್ಟ. ಏಕೆ ಅಂತ ದೋಸೆ ತಟ್ಟೆ ತೆಗೆಯುವಷ್ಟರಲ್ಲೇ ಗೊತ್ತಾಯಿತು.

ಸಮಿತಿ ಹೊರದೇಶದ ಫಾರಂ ಒಂದನ್ನು ತರಿಸಿ ಹಾಗೇ ಕನ್ನಡ ಮಾಡಿಸಿತ್ತು. ಏಳನೇ ಕಾಲಂ: 'ಮಾಂಸದ ನಡುವಿನ ಕೊಬ್ಬು'. ಸಭೆ ತಣ್ಣಗಾಯಿತು. ಚಳ್ಳಕೆರೆ, ನಾಯಕನಹಟ್ಟಿ ಕಡೆ ಮ್ಯಾಸನಾಯಕ ಸಮುದಾಯದವರು ಪೂಜಿಸುವ ದೇವರ ಎತ್ತುಗಳ ಮುಂದೆ ನಿಂತು ಈ ಪ್ರಶ್ನೆ ಕೇಳುವ ಗಂಡಸು ಯಾರು? ಗೋಹತ್ಯೆ ತಡೆಯುವ 2020ರ ಕಾಯ್ದೆ ಬೇರೆ ಇದೆ. ಕಾಲಂ ತೆಗೆದುಬಿಡಿ ಅಂದರು ಒಬ್ಬರು. ತೆಗೆದರೆ ಸಾಫ್ಟ್‌ವೇರ್ ಮುಂದಕ್ಕೆ ಹೋಗಲ್ಲ ಅಂದರು ಇನ್ನೊಬ್ಬರು. ಮುಕ್ಕಾಲು ಗಂಟೆ ಚರ್ಚೆಯಾಗಿ ಕಾಲಂ ಹೆಸರು 'ಮೈಕಟ್ಟು' ಅಂತ ಬದಲಾಯಿತು. ಅದರಲ್ಲಿ ಬರೆಯಬೇಕಾದದ್ದು: ಚೆನ್ನಾಗಿದೆ.

ಆಮೇಲೆ ಮಾಹಿತಿ ಹಂಚಿಕೊಳ್ಳುವ ಮಾತು ಬಂತು. "ಲೆಕ್ಕ ಒಟ್ಟಿಗೆ ಹಾಕೋಣ, ಆದರೆ ನಮ್ಮ ಪುಸ್ತಕ ನಮ್ಮ ಬೀರುವಿನಲ್ಲೇ ಇರಲಿ" ಅಂದರು ಚಿತ್ರದುರ್ಗದವರು. ದಾವಣಗೆರೆಯವರೂ ಅದನ್ನೇ ಅಂದರು. ಇಡೀ ದಿನದಲ್ಲಿ ಎರಡೂ ಕಡೆಯವರು ಒಪ್ಪಿದ್ದು ಇದೊಂದಕ್ಕೇ.

ಎರಡು ಕಡೆಯ ಲೆಕ್ಕ ಸೇರಬೇಕಾದರೆ ಒಂದೇ ಹೋರಿಯ ಕರುಗಳು ಎರಡೂ ಕಡೆ ಇರಬೇಕು. ಒಂದೂರಿನ ಮೇಷ್ಟ್ರು ಧಾರಾಳವಾಗಿ ಮಾರ್ಕ್ಸ್ ಕೊಡುತ್ತಾರೆ, ಇನ್ನೊಂದೂರಿನವರು ಬಿಗಿ. ಒಂದೇ ಮನೆಯ ಮಕ್ಕಳು ಎರಡೂ ಶಾಲೆಯಲ್ಲಿ ಓದಿದರೆ ತಾನೇ ಮೇಷ್ಟ್ರ ಕೈ ಗೊತ್ತಾಗೋದು? ಅದಕ್ಕೆ ಹೋರಿಯ ವೀರ್ಯ ತುಂಬಿದ ಬೀಜದ ಕಡ್ಡಿ ಕಳಿಸಿದರೆ ಸಾಕು, ಹೋರಿ ಜಾಗ ಬಿಟ್ಟು ಕದಲಬೇಕಿಲ್ಲ. ಸಮಿತಿಗೆ ಅದು ಹೊಳೆಯಲಿಲ್ಲ. ಹೋರಿಯನ್ನೇ ನಿಯೋಜನೆ ಮೇಲೆ ಕಳಿಸುವುದು ಅಂತಾಯಿತು. 1997ಕ್ಕೆ ಮುಂಚೆ ಆಗಿದ್ದರೆ ಎರಡೂ ಒಂದೇ ಜಿಲ್ಲೆ, ಹೋರಿ ನಡೆದುಕೊಂಡೇ ಹೋಗುತ್ತಿತ್ತು. ಈಗ ಅದಕ್ಕೆ ಆದೇಶ ಬೇಕು, ಭತ್ಯೆ ಬೇಕು, ಮಾತೃ ಇಲಾಖೆಗೆ ವಾಪಸ್ ಬರುವ ತಾರೀಕು ಬೇಕು. ಹಿರಿತನದ ಪ್ರಶ್ನೆಯೂ ಎದ್ದಿತು. ಸುಮ್ನೆ ಹೇಳ್ತಿಲ್ಲ, ಎದ್ದಿತು.

ಮಧ್ಯಾಹ್ನ ಚಳ್ಳಕೆರೆ ಕಡೆಯಿಂದ ಒಬ್ಬ ಕಿಲಾರಿ ಅಜ್ಜನನ್ನು ಕರೆಸಿದ್ದರು. ದೇವರ ಎತ್ತು ಕಾಯುವವನು. ಮೂಲೆಯಲ್ಲಿ ಕೋಲು ಹಿಡಿದು ಕೂತಿದ್ದ. ಅವನ ಮುಂದೆ ಒಂದು ಕರುವಿನ ಫೋಟೋ ಇಟ್ಟು, "ಅಜ್ಜ, ಇದರ ಅಪ್ಪ ಯಾರು?" ಅಂದರು.

"ಮುರುಕೊಂಬಿನ ಹಸುವಿನ ಮೊಮ್ಮಗಳು ಸ್ವಾಮಿ ಇದು. ಅಪ್ಪ, ಹೋದ ಬರದಾಗೆ ಸತ್ತನಲ್ಲ, ಆ ಬಿಳೇ ಹೋರಿ. ಅವನ ಅವ್ವ ನಮ್ಮಪ್ಪನ ಕಾಲದ್ದು."

ಹೀಗೇ ಆರು ತಲೆಮಾರು ಹೇಳಿದ. ಗುಮಾಸ್ತ ಬರೆದುಕೊಂಡದ್ದು: 'ತಂದೆ: ತಿಳಿದಿಲ್ಲ'. ಅವನದೂ ತಪ್ಪಲ್ಲ. ಆ ಕಾಲಂಗೆ ಹಳದಿ ಕಿವಿಬಿಲ್ಲೆಯ 12 ಅಂಕಿ ಮಾತ್ರ ಹಿಡಿಸುತ್ತದೆ. ಮುರುಕೊಂಬು ಹಿಡಿಸುವುದಿಲ್ಲ.

"ಮೇಯುವ ಜಾಗ?" ಅಂದರು.

"ಕಾವಲು. ಮೊದಲಿಂದು ಹೇಳಲಾ, ಈಗಿಂದಾ?"

ಯಾರೂ ಉತ್ತರ ಕೊಡಲಿಲ್ಲ. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ವಿಮಾನ, ಅಣು, ಉಪಗ್ರಹದ ಸಂಸ್ಥೆಗಳಿಗೆ ಹೋಗಿ ಬೇಲಿ ಬಿದ್ದಿದೆ. ಮೈಸೂರು ಅರಸರು ಬೆಣ್ಣೆ ಚಾವಡಿ ಅಂತ ಕಟ್ಟಿ, ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ ದನಗಳಿಗೆ ಬಿಟ್ಟಿದ್ದ ನೆಲ ಅದು. ಬೆಣ್ಣೆ ಚಾವಡಿಯಲ್ಲಿ ಈಗ ಉಳಿದಿರುವ ಬೆಣ್ಣೆ ನಮ್ಮ ದೋಸೆಯ ಮೇಲಿನದು. ಗುಮಾಸ್ತ 'ಕಾವಲು: ಇದೆ' ಅಂತ ಬರೆದ.

ಕೊನೆಗೆ ಪರದೆಯ ಮೇಲೆ ಪ್ರಾಯೋಗಿಕ ಲೆಕ್ಕ ಬಂತು. ಎಲ್ಲ ಹೋರಿಗೂ ಸೊನ್ನೆ. ಒಂದಕ್ಕೂ ಅರ್ಧ ಮಾರ್ಕ್ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಧ್ಯಕ್ಷರು ಖುಷಿಯಾದರು. "ಶರಣರ ನಾಡು ಇದು, ನಮ್ಮ ಹೋರಿಗಳಲ್ಲಿ ಮೇಲುಕೀಳಿಲ್ಲ" ಅಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಎದ್ದು ತೂಕದ ಪಟ್ಟಿ ತೋರಿಸಿ ಅಂದ. ತೋರಿಸಿದರು. ಮೇಲಿನಿಂದ ಕೆಳಗಿನವರೆಗೆ 20, 20, 20, 20. ಕರುಗಳ ತೂಕದಲ್ಲಿ ವ್ಯತ್ಯಾಸವೇ ಇಲ್ಲ ಅಂದಮೇಲೆ ಅಪ್ಪಂದಿರಲ್ಲಿ ಯಾವ ವ್ಯತ್ಯಾಸ ಹುಡುಕುತ್ತೀರಿ?

"ತಕ್ಕಡಿ ಇಲ್ಲ ಸಾರ್. ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ. ಅದಕ್ಕೇ 20 ಹಾಕಿದ್ವಿ."

ಹುಡುಗ ಬಿಡಲಿಲ್ಲ. ಒಂದು ಕರುವನ್ನಾದರೂ ತೂಗಿ ನೋಡೋಣ ಅಂದ. ಎಲ್ಲಿ? ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜ್ ಹತ್ತಿರದಲ್ಲೇ ಇತ್ತು. ಸಂಜೆ ಜೀಪಿನಲ್ಲಿ ಒಂದು ಕರು ತಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲಿಸಿದೆವು. ಅದು ಮೊದಲು ಸಗಣಿ ಹಾಕಿತು. ವೇಬ್ರಿಡ್ಜಿನವನು ಗಾಡಿ ನಂಬರ್ ಕೇಳಿದ. ಕಿವಿಬಿಲ್ಲೆಯ 12 ಅಂಕಿ ಹೇಳಿದರೆ ಅವನ ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಕೊನೆಗೆ ಜೀಪಿನ ಕೆಎ 17 ನಂಬರನ್ನೇ ಕರುವಿಗೆ ಕೊಟ್ಟೆವು.

ಹಳೇ ಯಂತ್ರ. ಸೊನ್ನೆ ಬಿಟ್ಟರೆ 20, ಅದು ಬಿಟ್ಟರೆ 40. ನಡುವಿನ ಲೆಕ್ಕ ಅದಕ್ಕೆ ಬರುವುದಿಲ್ಲವಂತೆ.

ಚೀಟಿ ಬಂತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಓದಿ, ಹುಡುಗನ ಕೈಗೆ ಕೊಟ್ಟರು.

"ನೋಡಪ್ಪ. ಸರಿಯಾಗೇ ಬರೆದಿದ್ವಲ್ಲ."