ಬುಸ್ಸೆನ್ನುವ ಬೂಸ್ಟರು

ಹದಿನೈದು ದಿನ ಬಲಮೊಣಕಾಲಿಗೆ ಎಣ್ಣೆ ತಿಕ್ಕಿದರೂ ನನ್ನ ಲಾರಿಯ ಬ್ರೇಕ್ ಮೆತ್ತಗಾಗಲಿಲ್ಲ. ಹೀಗೆಂದರೆ ಓದುವವರಿಗೆ ತಲೆಬುಡ ತಿಳಿಯದೆಂದು ಬಲ್ಲೆ. ಆಗ ನನಗೂ ತಿಳಿದಿರಲಿಲ್ಲ. ಬೆಟ್ಟದಿಂದ ಸೊಪ್ಪು, ತೋಟಕ್ಕೆ ಗೊಬ್ಬರ, ಶಿರಸಿ ಪೇಟೆಗೆ ಅಡಿಕೆ ಎಂದು ಹೊತ್ತು ಹೊತ್ತೇ ಇಪ್ಪತ್ತಾರು ವರ್ಷ ಸವೆಸಿದ ಮಿನಿ ಲಾರಿ ಅದು. ಅದರ ಬ್ರೇಕ್ ಪೆಡಲ್ ಮಳೆಗಾಲ ಹಿಡಿದಲ್ಲಿಂದ ದಿನೇ ದಿನೇ ಬಿಗಿಯಾಗುತ್ತ ಬಂದು, ಕೊನೆಗೆ ಹೊಳೆಯ ಬಂಡೆಯನ್ನು ಒದ್ದ ಅನುಭವ ಕೊಡತೊಡಗಿತು. ಗಾಡಿ ನಿಲ್ಲುತ್ತಿತ್ತು, ಇಲ್ಲವೆನ್ನಲಾರೆ. ಆದರೆ ನಿಲ್ಲಿಸಬೇಕೆಂದ ಅಂಗಡಿಯ ಮುಂದಲ್ಲ, ಅದರಾಚೆಯ ಅಂಗಡಿಯ ಮುಂದೆ. ಐವತ್ತೆಂಟು ದಾಟಿದ ನಾನು ಇದು ಕಾಲಿನ ಬಲ ಕುಂದಿದ ಲಕ್ಷಣವೆಂದು ತೀರ್ಮಾನಿಸಿ, ಊರಿನ ವೈದ್ಯರಲ್ಲಿಗೆ ಹೋಗಿ, ವಾತದ ಎಣ್ಣೆಯ ಬಾಟಲಿಯೊಂದನ್ನು ತಂದುಕೊಂಡೆ. ಅದೇ ಕಾಲಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಗೂ ಒಮ್ಮೆ ಹೋಗಿ ಬಂದೆ. ಅದು ಧೈರ್ಯವಲ್ಲ, ಶುದ್ಧ ದಡ್ಡತನ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡನೆಯ ಅನುಮಾನವನ್ನು ಹುಟ್ಟಿಸಿದವಳು ನನ್ನ ಹೆಂಡತಿ. ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೊರಟಿದ್ದಾಗ, ನೀಲೇಕಣಿಯ ಹತ್ತಿರ ಬ್ರೇಕ್ ಒತ್ತಿದ್ದೇ ತಡ, ಅವಳು ಸೀರೆಯ ನಿರಿಗೆ ಹಿಡಿದು ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡಳು. "ಇದ್ರೊಳಗೆ ಎಂತದೋ ಬುಸ್ ಹೇಳ್ತು!" ಎಂದಳು. ಕಿವಿಗೊಟ್ಟು ಕೇಳಿದೆ. ಹೌದು, ಡ್ಯಾಶ್‌ಬೋರ್ಡಿನ ಕೆಳಗೆ, ಸರಿಯಾಗಿ ನನ್ನ ಪಾದದ ಬಳಿ, ದೀರ್ಘವಾಗಿ ಬುಸ್ಸೆನ್ನುವ ಸದ್ದು. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿನ ಆಸರೆಗೆ ಹಾವು ಬಂದು ಸೇರುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಗಾಡಿಯನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆವು. ಅಮ್ಮ ಮನೆಯಲ್ಲಿ ಕೂತೇ ನಾಗರಕಟ್ಟೆಗೆ ಹಾಲೆರೆಯುವ ಹರಕೆ ಹೊತ್ತಳು.

ಮರುದಿನ ಹಾವು ಹಿಡಿಯುವ ಹುಡುಗ ಕೊಕ್ಕೆ, ಚೀಲಗಳ ಸಮೇತ ಬಂದ. ಟಾರ್ಚ್ ಹಾಕಿ ಎಲ್ಲ ಸಂದಿಗಳನ್ನೂ ಹುಡುಕಿದ. ಒಂದು ಒಣ ಅಡಿಕೆ, ನನ್ನ ಮೂರು ವರ್ಷದ ಹಿಂದಿನ ಕನ್ನಡಕ ಇವಿಷ್ಟೇ ಸಿಕ್ಕವು. ಎಂಜಿನ್ ಚಾಲೂ ಮಾಡಿಸಿ ಪೆಡಲನ್ನು ಕೈಯಿಂದ ಅದುಮಿದ: ಬುಸ್. ಬಿಟ್ಟ: ಸದ್ದಿಲ್ಲ. ಅದುಮಿದ: ಬುಸ್. ಐದಾರು ಸಲ ಹೀಗೆ ಮಾಡಿದ ಮೇಲೆ ಚೀಲವನ್ನು ಮಡಚಿಕೊಳ್ಳುತ್ತ, "ಹೆಗಡೇರೇ, ಇದು ಬ್ರೇಕ್ ಹಾಕಿದ್ರೆ ಮಾತ್ರ ಬುಸ್ ಅನ್ನೋ ಹಾವು. ಮೇಸ್ತ್ರಿನ್ನೇ ಕರೀರಿ" ಎಂದ. ಹಾವು ಸಿಗದಿದ್ದರೂ ಪೆಟ್ರೋಲ್ ಖರ್ಚನ್ನು ಕೊಟ್ಟು ಕಳಿಸಿದೆ. ರೋಗವನ್ನು ಅರ್ಧ ಪತ್ತೆ ಮಾಡಿದವನು ಅವನೇ ತಾನೇ.

ಮೇಸ್ತ್ರಿಗಳು ಬಂದವರೇ ಬಾನೆಟ್ ಎತ್ತಲಿಲ್ಲ. ಎಂಜಿನ್ ಬಂದ್ ಮಾಡಿಸಿ, ಪೆಡಲನ್ನು ಆರೇಳು ಸಲ ಒತ್ತಿಸಿ, ಆಮೇಲೆ ಕಾಲನ್ನು ಅದರ ಮೇಲೆಯೇ ಇಟ್ಟುಕೊಂಡು ಎಂಜಿನ್ ಚಾಲೂ ಮಾಡಲು ಹೇಳಿದರು. ಕಾಲಿನ ಒತ್ತಿಗೆ ತನ್ನ ಬಲವನ್ನೂ ಕೂಡಿಸುವ ಬೂಸ್ಟರ್ ನೆಟ್ಟಗಿದ್ದರೆ ಎಂಜಿನ್ ಹತ್ತಿದ ಕ್ಷಣ ಪೆಡಲ್ ಕಾಲಿನ ಕೆಳಗೆ ತುಸು ಇಳಿಯಬೇಕಂತೆ. ನನ್ನದು ಕೂದಲೆಳೆಯಷ್ಟೂ ಕದಲಲಿಲ್ಲ. "ಇಷ್ಟು ದಿನ ಇದನ್ನ ಬರೀ ಕಾಲಲ್ಲಿ ನಿಲ್ಸಿದ್ರಾ?" ಎಂದು ಕೇಳಿದ ಅವರ ದನಿಯಲ್ಲಿ ಇದ್ದದ್ದು ಮೆಚ್ಚುಗೆಯಲ್ಲ.

ಬೂಸ್ಟರ್ ಎಂಬುದು ದೊಡ್ಡ ರೊಟ್ಟಿ ಹಂಚುಗಳೆರಡನ್ನು ಬಾಯಿಗೆ ಬಾಯಿ ಕೊಟ್ಟು ಮುಚ್ಚಿದಂತಿರುವ ಡಬ್ಬಿ. ಒಳಗೆ ನಡುವೆ ಡಯಾಫ್ರಂ ಎಂಬ ರಬ್ಬರಿನ ಪರದೆ. ಡೀಸೆಲ್ ಗಾಡಿಯಾದ್ದರಿಂದ ಡೈನಮೋದ ಬೆನ್ನಿಗಂಟಿದ ವ್ಯಾಕ್ಯೂಮ್ ಪಂಪ್ ಆ ಡಬ್ಬಿಯ ಗಾಳಿಯನ್ನು ಹೀರುತ್ತಿರುತ್ತದೆ. ಪೆಡಲ್ ಒತ್ತಿದಾಗ ಡಯಾಫ್ರಮ್ಮಿನ ಒಂದು ಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ ಅದನ್ನು ಮುಂದಕ್ಕೆ ತಳ್ಳುತ್ತದೆ. ಹತ್ತಿಂಚು ವ್ಯಾಸದ ಡಯಾಫ್ರಂ ಎಂದರೆ ಸುಮಾರು 500 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿನ ಮೇಲೆ ವಾತಾವರಣದ ಒತ್ತಡ ಸುಮಾರು 1 ಕಿಲೋ. ಒಳಗಿನ ಗಾಳಿಯಲ್ಲಿ ಮೂರರಲ್ಲೆರಡು ಪಾಲನ್ನು ಹೀರಿದರೂ 300 ಕಿಲೋಗೆ ಮಿಕ್ಕಿದ ತಳ್ಳುಬಲ ಪುಕ್ಕಟೆ ಸಿಗುತ್ತದೆ. ಆರು ಸಿಮೆಂಟ್ ಚೀಲಗಳ ಆ ಕೆಲಸವನ್ನು ನಾನು ತಿಂಗಳುಗಟ್ಟಲೆ ಮೊಣಕಾಲಿಗೆ ಒಪ್ಪಿಸಿ, ಮೇಲಿಂದ ಅದಕ್ಕೇ ಎಣ್ಣೆ ಹಚ್ಚಿ ಸಮಾಧಾನ ಹೇಳುತ್ತಿದ್ದೆ.

ಈ ವಿವರಣೆ ಕೇಳಿದ ಉತ್ಸಾಹದಲ್ಲಿ ನಾನು, "ಹಾಗಾದರೆ ಪಂಪೇ ಹೋಗಿರಬೇಕು" ಎಂದು ಘೋಷಿಸಿದೆ. ಮೇಸ್ತ್ರಿಗಳು ಬೂಸ್ಟರಿನ ಪೈಪ್ ಕಳಚಿ, ಓಡುತ್ತಿದ್ದ ಎಂಜಿನ್ನಿನೆದುರು ಅದರ ಬಾಯಿಗೆ ನನ್ನ ಹೆಬ್ಬೆರಳನ್ನೇ ಇಡಿಸಿದರು. ಪೈಪ್ ಬೆರಳನ್ನು ಕರುವಿನಂತೆ ಚೀಪಿತು. ಪಂಪ್ ನಿರಪರಾಧಿ. ಒನ್‌ವೇ ವಾಲ್ವನ್ನು ಬಾಯಲ್ಲಿ ಊದಿ ನೋಡಿದರು. ಒಂದು ಕಡೆ ಗಾಳಿ ಹೋಯಿತು, ಇನ್ನೊಂದು ಕಡೆ ಹೋಗಲಿಲ್ಲ. ಅದೂ ನಿರಪರಾಧಿ. ಉಳಿದದ್ದು ಬೂಸ್ಟರ್ ಒಂದೇ. ಬ್ರೇಕ್ ಆಯಿಲ್ ಏನಾದರೂ ಕಡಿಮೆಯಾಗುತ್ತಿತ್ತೇ ಎಂದು ಕೇಳಿದಾಗ, ಎರಡು ತಿಂಗಳಿಂದ ಸುರಿಯುತ್ತಲೇ ಇದ್ದೇನೆಂದೂ, ನಾಲ್ಕೂ ಚಕ್ರಗಳ ಬಳಿ ಒಂದು ಹನಿ ಕೂಡ ಸೋರಿಲ್ಲವಾದ್ದರಿಂದ ಗಾಡಿ ಅದನ್ನು ಕುಡಿಯುತ್ತಿರಬೇಕೆಂದೂ ಹೇಳಿದೆ. ಅವರು ಮಾತಾಡದೆ, ಬೂಸ್ಟರಿನ ಮುಂದೆ ಕೂತು ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ, ಪೈಪುಗಳು ಮುರಿಯದಂತೆ ಅದನ್ನು ಮೆಲ್ಲಗೆ ಮುಂದಕ್ಕೆಳೆದು, ಹಿಂಬದಿಯನ್ನು ತೋರಿಸಿದರು. ಸೀಲ್ ಸೋತು ಆಯಿಲೆಲ್ಲ ಬೂಸ್ಟರಿನ ಹೊಟ್ಟೆ ಸೇರಿ, ರಬ್ಬರನ್ನು ಕೊಳೆಯಿಸಿತ್ತು. ಪೆಡಲ್ ಒತ್ತಿದಾಗ ಬುಸ್ಸೆನ್ನುತ್ತಿದ್ದದ್ದು ಆ ಕೊಳೆತ ರಬ್ಬರಿನಲ್ಲಿ ನುಸುಳುವ ಗಾಳಿ.

ಕಿಟ್, ಎಂದರೆ ಒಳಗಿನ ರಬ್ಬರ್ ಭಾಗಗಳ ಹೊಸ ಜೋಡಿ, ಹಾಕಿ ಬೂಸ್ಟರನ್ನೇ ರಿಪೇರಿ ಮಾಡುವವರಿದ್ದಾರೆ, ಆದರೆ ಘಟ್ಟ ಇಳಿಯುವ ಗಾಡಿಗೆ ತಾವು ಆ ಕೆಲಸ ಮಾಡುವುದಿಲ್ಲವೆಂದು ಮೇಸ್ತ್ರಿಗಳು ಖಡಾಖಂಡಿತವಾಗಿ ಹೇಳಿದರು. ಹೊಸ ಬೂಸ್ಟರ್ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ಹಳೆಯದನ್ನು ತೆಗೆಯಲು ಪೆಡಲಿನ ಸ್ಪ್ಲಿಟ್ ಪಿನ್ ಎಳೆದು, ಡ್ಯಾಶ್‌ಬೋರ್ಡಿನ ಅಡಿಯಿಂದ ನಾಲ್ಕು ನಟ್ ಬಿಚ್ಚಬೇಕಿತ್ತು. ಮೇಸ್ತ್ರಿಗಳ ಹೊಟ್ಟೆ ಸ್ಟೇರಿಂಗಿನ ಕೆಳಗೆ ಹಿಡಿಸುವಂಥದ್ದಲ್ಲವಾದ್ದರಿಂದ ಆ ಭಾಗ್ಯ ನನ್ನ ಪಾಲಿಗೆ ಬಂತು. ತಲೆ ಕೆಳಗಾಗಿ, ಕಾಲುಗಳನ್ನು ಸೀಟಿನ ಬೆನ್ನಿಗೆ ನೇತುಹಾಕಿ, ಮೂರು ನಟ್‌ಗಳನ್ನು ಅರ್ಧ ತಾಸಿನಲ್ಲಿ ಬಿಚ್ಚಿದೆ. ನಾಲ್ಕನೆಯದಕ್ಕೆ ಊಟದ ಹೊತ್ತು ಮೀರಿತು. ಸ್ಟೇರಿಂಗ್ ಕಂಬದ ಹಿಂದೆ ಅಡಗಿದ್ದ ಅದನ್ನು ಕಣ್ಣಿನಿಂದ ನೋಡಿದರೆ ಕೈ ಹೋಗದು, ಕೈ ಹೋದರೆ ಕಣ್ಣಿಗೆ ಕಾಣದು. ಎದ್ದು ಬಂದಾಗ ಮಗ್ಗಲಿನ ಮಡ್‌ಗಾರ್ಡಿನ ಮೇಲೆ ಹೊಸ ದುರಂತವೊಂದು ಕಾದಿತ್ತು. ಆಯಿಲ್ ಡಬ್ಬಿಯನ್ನು ನಾನೇ ಅಲ್ಲಿ ಮುಚ್ಚಳ ಹಾಕದೆ ಇಟ್ಟಿದ್ದೆ. ಅದು ವಾಲಿ, ಬಣ್ಣವನ್ನು ತಿಂದು, "ನಿಧಾನವೇ ಪ್ರಧಾನ" ಎಂಬ ಬರಹದ ಮೊದಲಕ್ಷರವನ್ನು ಅಳಿಸಿಹಾಕಿತ್ತು. ಉಳಿದದ್ದು "ಧಾನವೇ ಪ್ರಧಾನ". ಅಲ್ಪಪ್ರಾಣ ಮಹಾಪ್ರಾಣದ ತಕರಾರೊಂದನ್ನು ಬಿಟ್ಟರೆ ಆ ವಾರದ ಖರ್ಚಿಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು.

ಮಾಸ್ಟರ್ ಸಿಲಿಂಡರಿಗೆ ಹೊಸ ಕಿಟ್ ಹಾಕಿದ್ದರಿಂದ ನಾಲ್ಕೂ ಚಕ್ರಗಳ ಬ್ರೇಕ್ ಪೈಪಿನಲ್ಲಿ ಸೇರಿದ ಏರ್ ತೆಗೆಯಬೇಕಾಯಿತು. ಮೇಸ್ತ್ರಿಗಳು ಕೆಳಗಿನಿಂದ "ಒತ್ತಿ, ಹಿಡೀರಿ, ಬಿಡಿ" ಎನ್ನುವುದು, ನಾನು ಮೇಲಿನಿಂದ ಒತ್ತಿ, ಹಿಡಿದು, ಬಿಡುವುದು. ಅದು ಮುಗಿದು ಹೊರಟರೆ ಲಾರಿ ಮುಗ್ಗರಿಸಿ ನಡೆಯಿತು. ಅರ್ಧ ಮೈಲಿಯಲ್ಲಿ ಚಕ್ರಗಳು ಕಾದು ಕಮಟು ವಾಸನೆ ಬಂತು. ಮಾಸ್ಟರ್ ಸಿಲಿಂಡರನ್ನು ಒತ್ತುವ ಬೂಸ್ಟರಿನ ಪುಷ್ ರಾಡ್ ತುಸು ಉದ್ದವಾಗಿ, ಕಾಲು ತೆಗೆದರೂ ಬ್ರೇಕ್ ಬಿಡುತ್ತಿರಲಿಲ್ಲ. ಮೇಸ್ತ್ರಿಗಳು ಮತ್ತೆ ಸಿಲಿಂಡರ್ ಸರಿಸಿ ರಾಡಿನ ತಲೆಯನ್ನು ಎರಡು ಸುತ್ತು ತಿರುಗಿಸಿದರು, ಎಲ್ಲ ಸರಿಹೋಯಿತು.

ಸರಿಹೋಗದೆ ಉಳಿದದ್ದು ನನ್ನ ಕಾಲು. ತಿಂಗಳುಗಟ್ಟಲೆ ಮೈಯೆಲ್ಲ ಭಾರ ಹಾಕಿ ಒದ್ದ ಅಭ್ಯಾಸದಲ್ಲಿ, ಮರುದಿನ ಹಲಸಿನಕಾಯಿ ತುಂಬಿಕೊಂಡು ಹೋಗುವಾಗ ಐದು ರಸ್ತೆ ಸರ್ಕಲ್ಲಿನಲ್ಲಿ ಹಾಗೆಯೇ ಒದ್ದೆ. ಲಾರಿ ನಿಂತಲ್ಲೇ ನಿಂತಿತು. ಹಲಸಿನಕಾಯಿಗಳು ನಿಲ್ಲದೆ ಒಟ್ಟಾಗಿ ಬಂದು ನಮ್ಮ ಬೆನ್ನ ಹಿಂದಿನ ತಗಡಿಗೆ ಬಡಿದವು. ಹೆಂಡತಿ ಹಿಡಿದಿದ್ದ ಮಜ್ಜಿಗೆಯ ಕ್ಯಾನು ನನ್ನ ತೊಡೆಯ ಮೇಲೆ ಬರಿದಾಯಿತು.

ಮೊಣಕಾಲಿನ ನೋವು ವಾರದೊಳಗೆ ಹೇಳ ಹೆಸರಿಲ್ಲದಂತೆ ಹೋಯಿತು. ದಾರಿಯಲ್ಲಿ ಸಿಕ್ಕ ವೈದ್ಯರು ನನ್ನ ನಡಿಗೆ ನೋಡಿ, "ಎಣ್ಣೆ ನಾಟಿದ್ದು, ಅಲ್ದಾ? ಬಿಡದೆ ಹಚ್ಚು" ಎಂದರು. ಹೌದೆಂದೆ. ಇನ್ನೂ ಅರ್ಧ ಬಾಟಲಿ ಉಳಿದಿದೆ.